ಉಳಿದವರ ಲೆಕ್ಕ ಬರೆದ ಹಾಫ್‌ಕಿನ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಸ್ಮಾರಕಗಳಿಗೆ ಕೊರತೆಯಿಲ್ಲ. ಕಿತ್ತೂರಿನಲ್ಲಿ ಚನ್ನಮ್ಮನ ಕೋಟೆಯ ಅವಶೇಷಗಳಿವೆ. ಬೈಲಹೊಂಗಲದಲ್ಲಿ ಆಕೆಯ ಸಮಾಧಿಯಿದೆ. ಸವದತ್ತಿಯಲ್ಲಿ ಕೋಟೆ, ಅದರಾಚೆಗೆ ಎಲ್ಲಮ್ಮನ ಗುಡ್ಡ. ಮಲಪ್ರಭೆಯ ದಂಡೆಯ ರಾಮದುರ್ಗದಲ್ಲಿ ಹಳೆಯ ಸಂಸ್ಥಾನದ ಗುರುತುಗಳು. ಕಂದಾಯ ಇಲಾಖೆಯ ಅಧಿಕಾರಿಯಾಗಿ ಈ ಊರುಗಳ ನಡುವೆ ಕೆಲವು ವರ್ಷ ಜೀಪಿನಲ್ಲಿ ತಿರುಗಿದವನು ನಾನು. ಕಲ್ಲಿನಲ್ಲಿ ಉಳಿದ ಇತಿಹಾಸವನ್ನು ಅಲ್ಲಿ ಯಾರೂ ಮರೆತಿಲ್ಲ. ಆದರೆ ಅದೇ ಮಣ್ಣಿನಲ್ಲಿ ಸ್ಮಾರಕವಿಲ್ಲದ ಇನ್ನೊಂದು ಇತಿಹಾಸವೂ ಇದೆ. ಅದು ಪ್ಲೇಗಿನದು.

ನನ್ನ ಅಜ್ಜಿ ಈ ಸೀಮೆಯ ಹೆಣ್ಣುಮಗಳು. ಕಾಲವನ್ನು ಅವರು ಇಸವಿಯಿಂದ ಎಣಿಸುತ್ತಿರಲಿಲ್ಲ. ಮೊದಲ ಪ್ಲೇಗು, ಎರಡನೆಯ ಪ್ಲೇಗು, ದೊಡ್ಡ ಜ್ವರ ಎಂದು ಎಣಿಸುತ್ತಿದ್ದರು. ಜಂತಿಯಿಂದ ಇಲಿ ಬಿದ್ದು ಸತ್ತರೆ ಮನೆಗೆ ಬೀಗ ಹಾಕಿ, ದನಕರು, ಕಾಳುಕಡಿ ಸಮೇತ ಹೊಲಕ್ಕೆ ಹೋಗಿ ಗುಡಿಸಲು ಕಟ್ಟಿಕೊಳ್ಳಬೇಕು. ಮೂರೋ ನಾಲ್ಕೋ ತಿಂಗಳು ಕಳೆದು ಊರಿಗೆ ಮರಳಿದಾಗ ಓಣಿಯಲ್ಲಿ ಯಾವ ಯಾವ ಬಾಗಿಲು ತೆರೆಯಲಿಲ್ಲ ಎಂಬುದನ್ನು ನೋಡಬೇಕು. ತೆರೆಯದ ಬಾಗಿಲುಗಳ ಪಟ್ಟಿ ಅಜ್ಜಿಗೆ ಕೊನೆಯವರೆಗೂ ಬಾಯಿಪಾಠವಾಗಿತ್ತು. ಉಳಿದ ಬಾಗಿಲುಗಳು ಯಾಕೆ ತೆರೆದವು ಎಂದು ನಾನು ಎಂದೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿವೃತ್ತಿಯ ನಂತರ ಹಳೆಯ ಮುಂಬಯಿ ಪ್ರಾಂತದ ಗ್ಯಾಝೆಟಿಯರುಗಳನ್ನೂ ಜನಗಣತಿಯ ವರದಿಗಳನ್ನೂ ಓದುವ ಬಿಡುವು ನನಗೆ ಸಿಕ್ಕಿತು. ಅವುಗಳಲ್ಲಿ ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರ. ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲ್ಲೂಕಿಗೆ ಸೇರಿದವು. ರಾಮದುರ್ಗ ಪ್ರತ್ಯೇಕ ಸಂಸ್ಥಾನ. 1872ರಲ್ಲಿ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ, 1876–78ರ ಭೀಕರ ಬರದ ನಂತರ 1881ರಲ್ಲಿ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಕೆಳಗಿಳಿಯಿತು. 1891ರಲ್ಲಿ ಹತ್ತು ಲಕ್ಷ ದಾಟಿ ಚೇತರಿಸಿಕೊಂಡ ಜಿಲ್ಲೆ 1901ರಲ್ಲಿ ಮತ್ತೆ ಹತ್ತು ಲಕ್ಷಕ್ಕಿಂತ ಕೆಳಗೆ ಬಂತು. ಎರಡನೆಯ ಇಳಿತದ ಹಿಂದೆ ಪ್ಲೇಗಿತ್ತು, ಅದರ ಬೆನ್ನಿಗೆ 1899–1900ರ ಬರವಿತ್ತು. ಅಜ್ಜಿಯ ತೆರೆಯದ ಬಾಗಿಲುಗಳು ಅಲ್ಲಿ ಅಂಕಿಗಳಾಗಿ ನಿಂತಿದ್ದವು. ತೆರೆದ ಬಾಗಿಲುಗಳ ಕಾರಣವನ್ನು ಹುಡುಕುತ್ತ ಹೋದಾಗ ಎದುರಾದ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಿಂದಾಗಿ ಈ ಹೆಸರು ಅನೇಕರಿಗೆ ಪರಿಚಿತ; ಆ ಹೆಸರಿನ ಹಿಂದಿನ ಬದುಕು ಅಷ್ಟು ಪರಿಚಿತವಲ್ಲ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದ ಒಂದು ಯಹೂದಿ ಕುಟುಂಬದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿದ ನಗರ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಇಲ್ಯಾ ಮೆಚ್ನಿಕಾಫ್ ಅವರ ಬಳಿ ಪ್ರಾಣಿಶಾಸ್ತ್ರ ಕಲಿತರು. ಯಹೂದಿಗಳ ಮೇಲೆ ದಂಗೆಗಳು ನಡೆದಾಗ ಆತ್ಮರಕ್ಷಣೆಯ ಗುಂಪು ಸೇರಿ ಸೆರೆಯಾದರು. ಗುರುಗಳು ಅವರನ್ನು ಬಿಡಿಸಿದರು. ವಿದ್ಯೆಯಿದ್ದರೂ ಅಧ್ಯಾಪಕ ಹುದ್ದೆ ಸಿಗಬೇಕಾದರೆ ಮತಾಂತರವಾಗಬೇಕಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು, ಮರುವರ್ಷ ಪ್ಯಾರಿಸ್ಸಿಗೆ. ಪ್ಯಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕ ಕೆಲಸ ಸಹಾಯಕ ಗ್ರಂಥಪಾಲಕನದು. ಹಗಲು ಪುಸ್ತಕಗಳ ನಡುವೆ, ಬಿಡುವಿನಲ್ಲಿ ಪ್ರಯೋಗಾಲಯದ ಮೇಜಿನ ಮುಂದೆ ಕಳೆದ ಆ ವರ್ಷಗಳಲ್ಲಿ ಅವರು ಕಾಲರಾ ರೋಗಕ್ಕೆ ಲಸಿಕೆಯೊಂದನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. ಜ್ವರ ಬಂತು, ಇಳಿಯಿತು. ಆಮೇಲೆ ಗೆಳೆಯರಿಗೆ ಕೊಟ್ಟರು.

ಯುರೋಪಿನ ವೈದ್ಯಲೋಕ ಅವರನ್ನು ಸುಲಭವಾಗಿ ನಂಬಲಿಲ್ಲ. ವೈದ್ಯ ಪದವಿಯಿಲ್ಲದ ಪ್ರಾಣಿಶಾಸ್ತ್ರಜ್ಞ, ಅದರಲ್ಲೂ ದೇಶವಿಲ್ಲದವನು. ಲಸಿಕೆಯ ಗುಣ ತಿಳಿಯಬೇಕಾದರೆ ರೋಗವಿರುವಲ್ಲಿಗೆ ಹೋಗಬೇಕಿತ್ತು. ಹಿಂದೆ ಭಾರತದ ವೈಸ್‌ರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಸಲಹೆಯಂತೆ ಹಾಫ್‌ಕಿನ್ 1893ರ ಮಾರ್ಚ್‌ನಲ್ಲಿ ಕಲ್ಕತ್ತೆಗೆ ಬಂದಿಳಿದರು. ವಿಜ್ಞಾನಿಗೆ ರೋಗ ಬೇಕಿತ್ತು, ಸಾಮ್ರಾಜ್ಯಕ್ಕೆ ಸಿಪಾಯಿಗಳ ಹಾಗೂ ಕೂಲಿಗಳ ಜೀವ ಬೇಕಿತ್ತು. ಇವೆರಡರ ಸಂಧಿಯಲ್ಲಿ ಭಾರತದ ಬಡವನ ಮೈ ಇತ್ತು ಎಂಬುದನ್ನು ಮರೆಮಾಚದೆ ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಹಾಫ್‌ಕಿನ್ ಇತರರಿಗಿಂತ ಭಿನ್ನರಾದದ್ದು ಅವರ ಎಣಿಕೆಯ ಕ್ರಮದಲ್ಲಿ. 1894ರಲ್ಲಿ ಕಲ್ಕತ್ತೆಯ ಒಂದು ಕೊಳೆಗೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅಲ್ಲಿನ ಸುಮಾರು ಇನ್ನೂರು ನಿವಾಸಿಗಳಲ್ಲಿ 116 ಜನ ಚುಚ್ಚುಮದ್ದು ಪಡೆದರು. ಅನಂತರ ಹತ್ತು ಮಂದಿಗೆ ರೋಗ ತಗುಲಿ ಏಳು ಮಂದಿ ಸತ್ತರು. ಆ ಹತ್ತೂ ಜನ ಚುಚ್ಚುಮದ್ದು ಪಡೆಯದವರು. ಹಾಫ್‌ಕಿನ್ ಸತ್ತವರನ್ನಷ್ಟೇ ಎಣಿಸಲಿಲ್ಲ; ಒಂದೇ ಓಣಿಯಲ್ಲಿ, ಒಂದೇ ನೀರು ಕುಡಿದು ಸಾಯದೆ ಉಳಿದವರನ್ನೂ ಎಣಿಸಿದರು. ಎಷ್ಟು ಜನ ಸತ್ತರು ಎಂಬ ಪ್ರಶ್ನೆ ಎಷ್ಟು ಜನರಲ್ಲಿ ಸತ್ತರು ಎಂಬ ಪ್ರಶ್ನೆಯಿಲ್ಲದೆ ಅರ್ಥಹೀನ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠ. ನೂರಮೂವತ್ತು ವರ್ಷಗಳ ಹಿಂದೆ ಆ ಪಾಠವನ್ನು ಕೊಳೆಗೇರಿಯ ಕೆಸರಿನಲ್ಲಿ ನಿಂತು ಪಾಲಿಸಿದವರು ವಿರಳ. ಎರಡೂವರೆ ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚುಮದ್ದು ಕೊಟ್ಟು, ಮಲೇರಿಯಾದಿಂದ ಬಳಲಿ 1895ರಲ್ಲಿ ಯುರೋಪಿಗೆ ಮರಳಿದರು. ಮರುವರ್ಷವೇ ಹಿಂದಿರುಗಿದರು.

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಅಕ್ಟೋಬರ್‌ನಲ್ಲಿ ಸರ್ಕಾರ ಹಾಫ್‌ಕಿನ್ ಅವರನ್ನು ಮುಂಬಯಿಗೆ ಕಳಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರಿಗೆ ಸಿಕ್ಕ ಸಲಕರಣೆ. ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು, ಅದೂ ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿ. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಚುಚ್ಚುಮದ್ದು ಪಡೆದರು. ಅದಾದ ಮೇಲಿನ ದಿನಗಳಲ್ಲಿ, ಪಡೆಯದವರಲ್ಲಿ ಹನ್ನೆರಡು ಜನರಿಗೆ ರೋಗ ಬಂದು ಆರು ಜನ ಸತ್ತರು. ಪಡೆದವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಬದುಕಿದರು.

ಇದಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯ ವೃತ್ತಾಂತ. 1898ರ ಫೆಬ್ರವರಿಯಲ್ಲಿ ಅಲ್ಲಿ ಪ್ರತಿ ಮನೆಯಲ್ಲೂ ಅರ್ಧದಷ್ಟು ಜನರಿಗೆ ಮಾತ್ರ ಚುಚ್ಚುಮದ್ದು ಕೊಡಲಾಯಿತು. ಮುಂದೆ ಪ್ಲೇಗು ಹೊಕ್ಕ 28 ಮನೆಗಳಲ್ಲಿ ಚುಚ್ಚುಮದ್ದು ಪಡೆದ 71 ಜನರಲ್ಲಿ ಮೂವರು ಸತ್ತರು. ಪಡೆಯದ 64 ಜನರಲ್ಲಿ 26 ಮಂದಿ ಸತ್ತರು. ಒಂದೇ ಸೂರು, ಒಂದೇ ಒಲೆ, ಅವೇ ಇಲಿಗಳು, ಅದೇ ಬಡತನ. ವ್ಯತ್ಯಾಸ ಸೂಜಿಯದೊಂದೇ. ಲಸಿಕೆಯ ಗುಣವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಆದರೆ ಆ 26 ಜನ ಯಾವ ಮನೆಯ ಯಾವ ಮಕ್ಕಳು, ಯಾವ ತಾಯಂದಿರು? ಅರಿವಿಗಾಗಿ ತೆತ್ತ ಬೆಲೆಯನ್ನು ಹಳ್ಳಿಯವರಿಂದಲೇ ವಸೂಲು ಮಾಡಲಾಯಿತು. ಈ ಕಹಿಯನ್ನು ನುಂಗಿಕೊಂಡೇ ಹಾಫ್‌ಕಿನ್ ಅವರನ್ನು ಗೌರವಿಸಬೇಕಾಗಿದೆ.

ಅಷ್ಟರಲ್ಲಿ ಪ್ಲೇಗು ಪುಣೆಯನ್ನು ದಾಟಿ ದಕ್ಷಿಣ ಮರಾಠಾ ರೈಲುಮಾರ್ಗದ ಗುಂಟ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಬಂದಿತ್ತು. ನಮ್ಮ ನಾಲ್ಕು ಊರುಗಳಿಗೆ ರೈಲು ಇರಲಿಲ್ಲ. ಆದರೆ ಹತ್ತಿಯ ಅಂಡಿಗೆ, ಜೋಳದ ಚೀಲ ಹೊತ್ತ ಬಂಡಿಗಳು ಇದ್ದವು. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೂ ನಡೆದು ಬರುವ ಜನಸಾಗರವಿತ್ತು. ಇಲಿಯೂ ಚಿಗಟವೂ ಪ್ಲೇಗನ್ನು ಹರಡುತ್ತವೆ ಎಂಬುದನ್ನು ಫ್ರೆಂಚ್ ವೈದ್ಯ ಸೀಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ವಿಜ್ಞಾನಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ಮಾತ್ರ ನಮ್ಮ ರೈತರಿಗೆ ಅನುಭವದಿಂದಲೇ ತಿಳಿದಿತ್ತು.

ಪ್ಲೇಗು ಬಡವ ಬಲ್ಲಿದನೆಂದು ಭೇದವೆಣಿಸುವುದಿಲ್ಲ ಎಂಬ ಮಾತು ಅರ್ಧಸತ್ಯ. ಬಂಗಲೆಯಲ್ಲಿದ್ದ ಯುರೋಪಿಯನ್ನರಲ್ಲಿ ಸತ್ತವರು ಅತಿ ವಿರಳ. ಮಣ್ಣಿನ ಗೋಡೆ, ಕತ್ತಲ ಕೋಣೆ, ಮಲಗುವಲ್ಲೇ ಕಾಳಿನ ಹಗೇವು ಇದ್ದ ಮನೆಗಳಲ್ಲಿ ಇಲಿಯೂ ಮನುಷ್ಯನೂ ಒಟ್ಟಿಗೇ ಸತ್ತರು. ರೋಗಾಣು ಒಂದೇ, ಆದರೆ ಅದು ಸಾಗಿದ ದಾರಿಯನ್ನು ಹಾಕಿಕೊಟ್ಟದ್ದು ಅಸಮಾನತೆ.

ಸರ್ಕಾರದ ಮೊದಲ ಉತ್ತರ ಬಲಪ್ರಯೋಗವಾಗಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮನೆಗಳ ಶೋಧ, ರೋಗಿಗಳ ಸಾಗಣೆ, ಬೇರ್ಪಡಿಕೆಯ ಶಿಬಿರ, ರೈಲು ನಿಲ್ದಾಣಗಳಲ್ಲಿ ಹೆಂಗಸರ ತಪಾಸಣೆ ನಡೆದವು. ಪುಣೆಯಲ್ಲಿ ಈ ದಬ್ಬಾಳಿಕೆ ಅದೇ ವರ್ಷ ಪ್ಲೇಗ್ ಅಧಿಕಾರಿ ರ್‍ಯಾಂಡ್ ಅವರ ಹತ್ಯೆಯಲ್ಲಿ ಕೊನೆಗೊಂಡಿತು. ಹಾಫ್‌ಕಿನ್ ಬಲಾತ್ಕಾರದ ಪರವಾಗಿರಲಿಲ್ಲ. ಜನ ತಾವಾಗಿ ತೋಳು ಚಾಚಬೇಕು ಎಂಬುದು ಅವರ ನಿಲುವು. ಅದು ಆಗುವ ಮಾತೇ ಎಂದು ಸಂಶಯಪಟ್ಟವರಿಗೆ ಉತ್ತರ ಸಿಕ್ಕಿದ್ದು ನಮ್ಮ ಹುಬ್ಬಳ್ಳಿಯಲ್ಲಿ. 1898ರ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಡಾ. ಲ್ಯೂಮನ್ ಅವರ ನೇತೃತ್ವದಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚುಮದ್ದು ಪಡೆದರು. ಪಟ್ಟಣದ ಬಹುಪಾಲು ಜನ ಸರದಿಯಲ್ಲಿ ನಿಂತರು. ಚುಚ್ಚುಮದ್ದಿನ ಸರ್ಟಿಫಿಕೇಟು ಇದ್ದವರಿಗೆ ಪ್ರಯಾಣದ ಹಾಗೂ ಶಿಬಿರದ ನಿರ್ಬಂಧಗಳಿಂದ ವಿನಾಯಿತಿ ಇತ್ತು ಎಂಬುದೂ ಒಂದು ಕಾರಣ. ಆದರೆ ಅದಕ್ಕಿಂತ ಬಲವಾದ ಕಾರಣ, ಚುಚ್ಚಿಸಿಕೊಂಡವರ ಮನೆಯಲ್ಲಿ ಸಾವು ಕಡಿಮೆಯಾದುದನ್ನು ನೆರೆಮನೆಯವರು ಕಣ್ಣಾರೆ ಕಂಡದ್ದು. ಅಂಕಿ-ಅಂಶ ಓದಲು ಬಾರದ ಜನ ಅಂಕಿ-ಅಂಶದ ಸಾರವನ್ನು ಗ್ರಹಿಸಿದ್ದರು.

1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಪ್ರಯೋಗಾಲಯ ಆರಂಭವಾಯಿತು. ಬೇಡಿಕೆ ಏರುತ್ತ ಹೋಯಿತು. ಆಗ ಬಂತು ಮಲ್ಕೊವಾಲ್ ದುರಂತ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ಕೊಡಲಾಯಿತು. ಬಳಸಿದ್ದು ಐದು ಸೀಸೆಗಳು. ಅವುಗಳಲ್ಲಿ ಒಂದೇ ಒಂದು ಸೀಸೆಯಿಂದ ಮದ್ದು ಪಡೆದ ಹತ್ತೊಂಬತ್ತು ಜನರೂ ಧನುರ್ವಾಯುವಿನಿಂದ ಸತ್ತರು. ಉಳಿದ ನಾಲ್ಕು ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ವಿಚಾರಣಾ ಆಯೋಗ ದೋಷವನ್ನು ಪರೇಲ್‌ನ ಪ್ರಯೋಗಾಲಯದ ಮೇಲೆ ಹೊರಿಸಿತು: ಹೆಚ್ಚು ಮದ್ದು ಬೇಗ ತಯಾರಿಸಲೆಂದು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕೇವಲ ಶಾಖದಿಂದ ಶುದ್ಧೀಕರಿಸುವ ಕ್ರಮ ಅನುಸರಿಸಿದ್ದೇ ಕಾರಣವೆಂಬುದು ಅದರ ತೀರ್ಪು. ಆ ಕ್ರಮ ಪ್ಯಾಶ್ಚರ್ ಸಂಸ್ಥೆಯಲ್ಲಿ ಆಗಲೇ ಬಳಕೆಯಲ್ಲಿತ್ತು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಕಾರ್ಬಾಲಿಕ್ ದ್ರಾವಣದಲ್ಲಿ ಆಡಿಸಿ ಮತ್ತೆ ಬಳಸಲಾಗಿತ್ತು. ಈ ಸಣ್ಣ ಸಂಗತಿಗೆ ಸಲ್ಲಬೇಕಾದ ತೂಕ ಸಲ್ಲಲಿಲ್ಲ. ವೈದ್ಯಕೀಯ ಸೇವೆಯ ಒಳಗಿನವರಲ್ಲದ, ಆಂಗ್ಲರೂ ಅಲ್ಲದ ವ್ಯಕ್ತಿಯ ಮೇಲೆ ಹೊಣೆ ಹೊರಿಸುವುದು ಆಡಳಿತಕ್ಕೆ ಸುಲಭವಾಗಿತ್ತು. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಪ್ರಕ್ರಿಯೆ ಅಪರಿಚಿತವೇನಲ್ಲ. ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಬಿಡಿಸಲಾಯಿತು. 1904ರಲ್ಲಿ ಅವರು ಭಾರತ ಬಿಟ್ಟರು.

ಮಲ್ಕೊವಾಲಿನ ಹತ್ತೊಂಬತ್ತು ಸಾವುಗಳು ನಿಜ. ಆ ಮನೆಗಳ ದುಃಖ ನಿಜ. ಅವುಗಳಿಗೆ ಹೆಸರು, ದಿನಾಂಕ, ಸೀಸೆಯ ಸಂಖ್ಯೆ ಎಲ್ಲವೂ ಇತ್ತು. ಹಾಫ್‌ಕಿನ್ ಅವರ ಮದ್ದಿನಿಂದ ಉಳಿದ ಸಾವಿರಾರು ಜನರಿಗೆ ಇವು ಯಾವುವೂ ಇರಲಿಲ್ಲ. ಪ್ಲೇಗು ಬಂದು ಹೋದಾಗ ತಾನು ಮದ್ದಿನಿಂದ ಉಳಿದೆನೋ ದೈವದಿಂದ ಉಳಿದೆನೋ ಯಾರಿಗೂ ತಿಳಿಯುವುದಿಲ್ಲ. ತಪ್ಪಿದ ಸಾವು ಯಾವ ದಫ್ತರದಲ್ಲೂ ನೋಂದಣಿಯಾಗುವುದಿಲ್ಲ. ಆದ್ದರಿಂದ ಸಾರ್ವಜನಿಕ ಆರೋಗ್ಯದ ಕೆಲಸಗಾರನ ಯಶಸ್ಸು ಕಣ್ಣಿಗೆ ಕಾಣದು, ಸೋಲು ಮಾತ್ರ ಎದ್ದು ಕಾಣುತ್ತದೆ. ಪಂಜಾಬಿನಲ್ಲಿ ಚುಚ್ಚುಮದ್ದಿನ ಮೇಲಿನ ನಂಬಿಕೆ ಕುಸಿಯಿತು; ಪ್ಲೇಗು ಕುಸಿಯಲಿಲ್ಲ. 1907ರಲ್ಲಿ, ಒಂದೇ ವರ್ಷದಲ್ಲಿ, ಭಾರತದಲ್ಲಿ ಹದಿಮೂರು ಲಕ್ಷ ಜನ ಪ್ಲೇಗಿಗೆ ಬಲಿಯಾದರು. ಅಷ್ಟು ಜನ ಇನ್ನಾವ ವರ್ಷದಲ್ಲೂ ಸತ್ತಿಲ್ಲ.

ಅದೇ 1907ರಲ್ಲಿ ಹಾಫ್‌ಕಿನ್ ನಿರ್ದೋಷಿ ಎಂದು ಸಾಬೀತಾಯಿತು. ಲಂಡನ್ನಿನ ಲಿಸ್ಟರ್ ಸಂಸ್ಥೆ ದಾಖಲೆಗಳನ್ನು ಪರಿಶೀಲಿಸಿ, ಸೀಸೆ ಕಲುಷಿತವಾದದ್ದು ಹೆಚ್ಚು ಸಂಭವನೀಯವಾಗಿ ಹಳ್ಳಿಯಲ್ಲೇ ಎಂದು ಹೇಳಿತ್ತು. ಮಲೇರಿಯಾದ ರಹಸ್ಯ ಬಿಡಿಸಿದ ರೊನಾಲ್ಡ್ ರಾಸ್ ಅವರ ಮುಂದಾಳತ್ವದಲ್ಲಿ ಹತ್ತು ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಗೆ ಪತ್ರ ಬರೆದರು. ಸರ್ಕಾರ ಮಣಿಯಿತು. ಹಾಫ್‌ಕಿನ್ ಮತ್ತೆ ಬಂದರು. ಆದರೆ ಪರೇಲ್‌ಗೆ ಬರಲಿಲ್ಲ. ಆ ಹುದ್ದೆ ಬೇರೆಯವರ ಪಾಲಾಗಿತ್ತು. ಕಲ್ಕತ್ತೆಯಲ್ಲಿ ಅವರಿಗೆ ಪ್ರಯೋಗಾಲಯ ಕೊಡಲಾಯಿತು, ಜನರ ನಡುವೆ ಲಸಿಕೆಯ ಪ್ರಯೋಗ ನಡೆಸುವ ಅವಕಾಶ ಕೊಡಲಿಲ್ಲ. ಎಣಿಕೆಯೇ ಪ್ರಾಣವಾಗಿದ್ದ ಮನುಷ್ಯನಿಂದ ಎಣಿಸುವ ಹಕ್ಕನ್ನೇ ಕಿತ್ತುಕೊಂಡಂತಾಯಿತು. 1914ರಲ್ಲಿ ನಿವೃತ್ತರಾಗಿ ಫ್ರಾನ್ಸಿಗೆ ತೆರಳಿದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗಳಲ್ಲಿ ಮಗ್ನರಾದರು. ಉಳಿತಾಯವನ್ನು ಯಹೂದಿ ಧರ್ಮಶಿಕ್ಷಣಕ್ಕೆ ಬಿಟ್ಟುಹೋದರು. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. ಆ ಹೊತ್ತಿಗೆ ಅಲ್ಲಿಂದ ಹೊರಟಿದ್ದ ಪ್ಲೇಗ್ ಲಸಿಕೆ ಎರಡು ಕೋಟಿ ಅರವತ್ತು ಲಕ್ಷ ಡೋಸುಗಳಷ್ಟು. 1930ರ ಅಕ್ಟೋಬರ್ 26ರಂದು ಸ್ವಿಟ್ಸರ್ಲೆಂಡಿನ ಲೊಸಾನ್‌ನಲ್ಲಿ ಹಾಫ್‌ಕಿನ್ ತೀರಿಕೊಂಡರು.

ಅವರ ಬದುಕನ್ನು ಓದುತ್ತಿದ್ದಾಗ ನನ್ನ ಸೇವಾವಧಿಯ ಒಂದು ಸಹಿ ನೆನಪಾಯಿತು. ತೊಂಬತ್ತರ ದಶಕದ ಆರಂಭದ ಒಂದು ಮುಂಗಾರು. ಒಂದು ಹಳ್ಳಿಯಲ್ಲಿ ವಾಂತಿಭೇದಿ ಎದ್ದಿತು. ಊರೊಳಗಿನವರಿಗೆ ಕೊಳಾಯಿ ನೀರಿತ್ತು. ಊರಾಚೆಯ ಕೇರಿಯವರು ಹಳ್ಳದ ಪಕ್ಕದ ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಒಟ್ಟು ಏಳು ಜನ ಸತ್ತರು. ಊರೊಳಗಿನ ಇಬ್ಬರು ಆಸ್ಪತ್ರೆಯಲ್ಲಿ ಸತ್ತದ್ದರಿಂದ ದಾಖಲೆಯಾಯಿತು. ಕೇರಿಯ ಐವರು ಮನೆಯಲ್ಲೇ ಸತ್ತು ಅಂದೇ ಮಣ್ಣಾದರು. ನನ್ನ ಮೇಜಿಗೆ ಬಂದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ವೃದ್ಧಾಪ್ಯ ಎಂದೋ ಜ್ವರ ಎಂದೋ ಬರೆದಿತ್ತು. ಐವರಲ್ಲಿ ಒಬ್ಬಳು ಏಳು ವರ್ಷದ ಹುಡುಗಿ. ಅವಳ ಮುಂದೆ ಜ್ವರ ಎಂದಿತ್ತು. ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು, ವರದಿ ಸಂಜೆಯೊಳಗೆ ಹೋಗಬೇಕಿತ್ತು. ವಾಂತಿಭೇದಿಯಿಂದ ಸತ್ತವರು ಇಬ್ಬರು ಎಂಬ ವರದಿಗೆ ನಾನು ಸಹಿ ಹಾಕಿದೆ. ಅದು ಸರಿಯಲ್ಲವೆಂದು ಸಹಿ ಮಾಡುವಾಗಲೇ ತಿಳಿದಿತ್ತು. ಯಾರ ಒತ್ತಡವೂ ಇರಲಿಲ್ಲ, ತಪ್ಪು ನನ್ನದೇ.

ಪರಿಣಾಮ ಸರಳವಾಗಿತ್ತು. ಸಾವು ದಾಖಲಾದ ಊರೊಳಗೆ ಹೊಸ ನೀರಿನ ಟ್ಯಾಂಕಿಗೆ ಹಣ ಮಂಜೂರಾಯಿತು. ಕೇರಿಯ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಕೇರಿಗೆ ಕೊಳಾಯಿ ಹೋದದ್ದು ನಾನು ವರ್ಗವಾಗಿ ಎಷ್ಟೋ ವರ್ಷಗಳ ನಂತರ. ಎಣಿಕೆಗೆ ಬಾರದ ಸಾವು ಅನುದಾನಕ್ಕೂ ಬರುವುದಿಲ್ಲ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಇಂದು ಜಗತ್ತಿನ ರೋಗಭಾರವನ್ನು ಅಳೆಯುವ ದೊಡ್ಡ ಅಧ್ಯಯನವೊಂದು ನಡೆಯುತ್ತಿದೆ. ವಿಶ್ವಬ್ಯಾಂಕಿನ 1993ರ ವರದಿಗಾಗಿ ಕ್ರಿಸ್ಟೊಫರ್ ಮರೆ ಮತ್ತು ಅಲನ್ ಲೋಪೆಜ್ ಅವರು ಆರಂಭಿಸಿದ ಈ ಲೆಕ್ಕದಲ್ಲಿ ಸಾವುಗಳ ಸಂಖ್ಯೆಯಷ್ಟೇ ಅಲ್ಲ, ಕಳೆದುಹೋದ ಆಯುಷ್ಯದ ವರ್ಷಗಳೂ ರೋಗದಲ್ಲಿ ನರಳಿದ ವರ್ಷಗಳೂ ಸೇರುತ್ತವೆ. ಆ ಅಳತೆಯಂತೆ ಏಳು ವರ್ಷದ ಹುಡುಗಿಯ ಸಾವು ಎಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಷ್ಟ. ನನ್ನ ವರದಿಯಲ್ಲಿ ವಾಂತಿಭೇದಿಯ ಲೆಕ್ಕಕ್ಕೆ ಅವಳ ತೂಕ ಸೊನ್ನೆ. ಭಾರತದ ರಾಜ್ಯವಾರು ರೋಗಭಾರದ ವರದಿ 2017ರಲ್ಲಿ ಪ್ರಕಟವಾಯಿತು. ಸೋಂಕು ರೋಗ, ಹೆರಿಗೆ, ಶಿಶು ಆರೋಗ್ಯ ಹಾಗೂ ಅಪೌಷ್ಟಿಕತೆಗೆ ಸಂಬಂಧಿಸಿದ ಭಾರ 1990ರಲ್ಲಿ ಶೇ 61ರಷ್ಟಿದ್ದುದು 2016ಕ್ಕೆ ಶೇ 33ಕ್ಕೆ ಇಳಿದಿದೆ ಎಂದು ಅದು ಹೇಳುತ್ತದೆ. ಸಂತೋಷದ ಸುದ್ದಿ. ಆದರೆ 2020ರಲ್ಲೂ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ ಇಪ್ಪತ್ತಮೂರಕ್ಕಿಂತ ಕಡಿಮೆ. ಉಳಿದವನ್ನು ಮನೆಯವರನ್ನು ವಿಚಾರಿಸಿಯೋ ಗಣಿತದ ಮಾದರಿಗಳಿಂದಲೋ ಅಂದಾಜು ಮಾಡಬೇಕು. ಕೋವಿಡ್ ಕಾಲದ 2020 ಮತ್ತು 2021ರಲ್ಲಿ ಭಾರತದಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅಧಿಕೃತ ಲೆಕ್ಕ ಐದು ಲಕ್ಷದೊಳಗಿತ್ತು. ಸರ್ಕಾರ ಆ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ವಿವಾದದಲ್ಲಿ ಯಾರು ಸರಿ ಎಂಬುದಕ್ಕಿಂತ, ಇಂಥ ವಿವಾದಕ್ಕೆ ಎಡೆಯಿದೆ ಎಂಬುದೇ ನಮ್ಮ ದಾಖಲೆಗಳ ಸ್ಥಿತಿಯನ್ನು ಹೇಳುತ್ತದೆ.

ಎಣಿಕೆ ಚೆನ್ನಾಗಿ ನಡೆದಾಗ ಏನಾಗುತ್ತದೆ ಎಂಬುದಕ್ಕೂ ಬೆಳಗಾವಿ ಜಿಲ್ಲೆಯೇ ಸಾಕ್ಷಿ. 2002ರಿಂದ 2005ರವರೆಗೆ ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಆರೋಗ್ಯ ಸಹಾಯಕಿಯರ ಕೈಯಿಂದಲೇ ಕೊಡಿಸಿದ ಅಧ್ಯಯನವದು. ಪಾಲ್ಗೊಂಡ ತಾಯಂದಿರು 1,620. ಗುಳಿಗೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 6.4, ಔಷಧಿಯಿಲ್ಲದ ಗುಳಿಗೆ ಪಡೆದವರಲ್ಲಿ ಶೇ 12. ಅಂದರೆ ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ವೈದ್ಯರಿಲ್ಲದ ದೂರದ ದೇಶಗಳ ಹಳ್ಳಿಗಳ ಬಾಣಂತಿಯರಿಗೆ ನಮ್ಮ ಜಿಲ್ಲೆಯ ತಾಯಂದಿರು ಕೊಟ್ಟ ಕಾಣಿಕೆ ಇದು. ಉಂಧೇರಾದಲ್ಲಿ ಎದ್ದ ನೈತಿಕ ಪ್ರಶ್ನೆ ಇಲ್ಲೂ ಏಳದಿರದು: ಔಷಧಿಯಿಲ್ಲದ ಗುಳಿಗೆ ಪಡೆದವರೂ ತಾಯಂದಿರೇ. ಆ ಋಣ ತೀರುವುದು, ಸಿಕ್ಕ ಅರಿವು ಮೊದಲು ಅದೇ ಹಳ್ಳಿಗಳಿಗೆ ಮರಳಿದಾಗ ಮಾತ್ರ.

ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಹೇಳಿದಾಗ ಬಳಸಿದ ಅಳತೆಗಳಲ್ಲಿ ವೈದ್ಯರ ಹಾಗೂ ಹಾಸಿಗೆಗಳ ಸಂಖ್ಯೆಯೂ ಇತ್ತು. ತಾಲ್ಲೂಕಿನ ಸರಾಸರಿ ಅಂದಿಗೆ ದೊಡ್ಡ ಹೆಜ್ಜೆ. ಆದರೆ ಸರಾಸರಿಯ ನೆರಳಿನಲ್ಲಿ ಕೇರಿ ಕಾಣುವುದಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷದ ಸಾವುಗಳನ್ನು ವಯಸ್ಸು, ಕಾರಣ, ವಾಸದ ಓಣಿ ಸಹಿತ ಬರೆದು, ಹೆಸರು ಮರೆಮಾಡಿ, ಗ್ರಾಮಸಭೆಯಲ್ಲಿ ಓದಬೇಕು. ಮನೆಯಲ್ಲಿ ಸತ್ತವರ ಕಾರಣವನ್ನು ಆಶಾ ಕಾರ್ಯಕರ್ತೆಯೂ ವೈದ್ಯಾಧಿಕಾರಿಯೂ ತಿಂಗಳೊಳಗೆ ವಿಚಾರಿಸಿ ನಮೂದಿಸಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಚೌಕಟ್ಟಿನಲ್ಲೇ ಆರಂಭಿಸಬಹುದು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಿತ್ತೂರಿನಲ್ಲಿ ಮೊದಲು ಮಾಡಿ ನೋಡಲಿ. ಅಲ್ಲಿನ ಒಂದು ಹಳೆಯ ಪಟ್ಟಿಯಲ್ಲಿ ಜ್ವರ ಎಂಬ ಪದವನ್ನು ಹೊಡೆದುಹಾಕಿ ಸರಿಯಾದ ಕಾರಣ ಬರೆಯುವ ಅಧಿಕಾರ ಈಗ ನನಗಿಲ್ಲ. ಆ ಕುರ್ಚಿಯಲ್ಲಿ ಇಂದು ಕುಳಿತವರಿಗೆ, ಮುಂದಿನ ಪಟ್ಟಿಗೆ ಸಹಿ ಹಾಕುವ ಮುನ್ನ ಒಮ್ಮೆ ಕೇರಿಯವರೆಗೆ ನಡೆದು ಹೋಗಿ ವಿಚಾರಿಸುವ ಅಧಿಕಾರವಿದೆ.